ಸುಳಿ ಮುಟ್ಟದ ನಕ್ಷತ್ರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಧರ್ಮೇಶ್ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇರಲಿ ಬಿಡಿ. ನನ್ನ ಕಣ್ಣೂ ತುದಿಯಲ್ಲೇ ಇರುತ್ತದೆ, ಅದನ್ನು ಮಾತ್ರ ಅವನು ಹೇಳುವುದಿಲ್ಲ. ಯಾವುದನ್ನು ನೋಡಿದರೂ ಮೊದಲು ಅದರ ತುದಿಯಲ್ಲಿ ಏನಿದೆ ಎಂದು ನೋಡುವ ಚಾಳಿ ನನಗೆ ಹಳೇಬೀಡಿನಿಂದ ಅಂಟಿದ್ದು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಸಂಜೆ ದೇವಸ್ಥಾನದ ಎದುರು ಬಸ್ಸಿಗೆ ಕಾಯುವಾಗ ಪ್ರವಾಸಿಗರು ಗೈಡುಗಳನ್ನು ಕೇಳುವ ಒಂದೇ ಪ್ರಶ್ನೆ ದಿನವೂ ಕಿವಿಗೆ ಬೀಳುತ್ತದೆ. ಇಷ್ಟೊಂದು ಕೆತ್ತಿದವರು ಮೇಲೊಂದು ಗೋಪುರ ಯಾಕೆ ಇಡಲಿಲ್ಲ? ಗೈಡುಗಳು ತಲೆಗೊಂದು ಕಥೆ ಹೇಳುತ್ತಾರೆ. ಕಥೆ ಯಾವುದೇ ಆಗಲಿ, ಬಂದವರ ಕಣ್ಣು ಮಾತ್ರ ಇಲ್ಲದ ತುದಿಯನ್ನೇ ಹುಡುಕುತ್ತಿರುತ್ತದೆ. ನಾನೂ ಅವರ ಪೈಕಿಯೇ.

ನಾವಿರುವುದು ಅರಸೀಕೆರೆಯಲ್ಲಿ, ಬಾಣಾವರದ ಕಡೆಗೆ ಹೋಗುವ ರೈಲು ಹಳಿಯ ಪಕ್ಕದ ಒಂದು ವಠಾರದಲ್ಲಿ. ಅದರ ಯಜಮಾನಿ ಗುರುಸಿದ್ದಮ್ಮ. ತೆಂಗಿನ ತೋಟ, ಕೊಬ್ಬರಿ ವ್ಯಾಪಾರದ ಹಳೇ ಮನೆತನ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಎಂಬತ್ತು ಹತ್ತಿರವಾದರೂ ತೋಟದ ಪ್ರತಿ ಮರದ ಜಾತಕ ಬಾಯಲ್ಲಿ. ವಠಾರಕ್ಕೆಲ್ಲ ಅವರು ಅಜ್ಜಿ. ಅವರ ತಾರಸಿ ಮನೆಗೆ ಅಂಟಿಕೊಂಡಂತೆ ಎರಡು ಬಾಡಿಗೆ ಮನೆಗಳಿವೆ. ಒಂದರಲ್ಲಿ ನಾನು ಮತ್ತು ಧರ್ಮೇಶ್. ಇನ್ನೊಂದರಲ್ಲಿ ಫಿಲೋಮಿನಮ್ಮ ಮತ್ತು ಅವರ ಮೊಮ್ಮಗಳು, ಮೂರನೇ ಕ್ಲಾಸಿನ ಜೆಸಿಂತಾ. ಮಗುವಿನ ತಾಯಿ ಹಾಸನದಲ್ಲಿ ನರ್ಸು, ರಜೆ ಸಿಕ್ಕಾಗ ಬರುತ್ತಾಳೆ. ತಂದೆ ರಾಯಪ್ಪ, ಫಿಲೋಮಿನಮ್ಮನ ಮಗ, ಗೂಡ್ಸ್ ರೈಲಿನ ಡ್ರೈವರು, ಅವನು ರಜೆ ಸಿಕ್ಕರೂ ಬರುವುದು ಕಷ್ಟ.

ಅಂಗಳದಲ್ಲಿ ಒಂದು ಕ್ರಿಸ್‌ಮಸ್ ಮರವಿದೆ. ನರ್ಸರಿಯವರು ಆ ಹೆಸರಿನಲ್ಲಿ ಮಾರುತ್ತಾರಲ್ಲ, ಅಂತಸ್ತು ಅಂತಸ್ತಾಗಿ ಸುತ್ತಲೂ ಕೊಂಬೆ ಚಾಚಿಕೊಂಡು ನೆಟ್ಟಗೆ ಏಳುವ ಮರ, ಅದು. ಫಿಲೋಮಿನಮ್ಮನ ಗಂಡ ಚೌರಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದಾಗ ಕುಂಡದಲ್ಲಿ ತಂದಿಟ್ಟದ್ದು. ಚೌರಪ್ಪ ಹೋದರು, ಕುಂಡ ಒಡೆಯಿತು, ಮರ ನೆಲಕ್ಕೆ ಬೇರು ಬಿಟ್ಟು ಈಗ ಅಜ್ಜಿಯ ತಾರಸಿಯನ್ನೂ ಮೀರಿ ನಿಂತಿದೆ. ಪ್ರತಿ ಡಿಸೆಂಬರಿನಲ್ಲಿ ಕೆಳಗಿನ ಕೊಂಬೆಗಳಿಗೆ ಒಂದಿಷ್ಟು ಬಣ್ಣದ ಕಾಗದ, ಒಂದಿಷ್ಟು ಗಂಟೆ. ತುದಿಯ ತಂಟೆಗೆ ಈವರೆಗೆ ಯಾರೂ ಹೋಗಿರಲಿಲ್ಲ.

ಈ ಸಲ ಹೋಗಬೇಕಾಯಿತು. ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ ರಾಯಪ್ಪ ಫೋನ್ ಮಾಡಿದ. ರಜೆ ಇಲ್ಲ. ಇಪ್ಪತ್ನಾಲ್ಕರ ಮಧ್ಯಾಹ್ನ ಮೇಲಿನ ಕಡೆಯಿಂದ ಗೂಡ್ಸ್ ಹಿಡಿದು ಬಾಣಾವರದ ಮೇಲೆ ತುಮಕೂರಿನ ಕಡೆ ಹೋಗಬೇಕು. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಹಿಂದೆಯೇ ಹಾದು ಹೋಗುತ್ತಾನೆ, ಆದರೆ ಗಾಡಿ ಅರಸೀಕೆರೆಯಲ್ಲಿ ನಿಲ್ಲುವುದಿಲ್ಲ. ಗಾಡಿಯಲ್ಲಿದ್ದಾಗ ಫೋನ್ ಮುಟ್ಟುವಂತಿಲ್ಲ. ಜೆಸಿಂತಾ ಅಳಲಿಲ್ಲ. ಹಾಗಾದರೆ ನಮ್ಮ ಮರ ನಿನಗೆ ಕಾಣುತ್ತದಾ ಎಂದು ಕೇಳಿದಳು. ನಾನು ಆಗ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. 

"ಅಜ್ಜಿಯವರ ಕೊಬ್ಬರಿ ಶೆಡ್ಡು ಅಡ್ಡ ಬರುತ್ತೆ ಕಣಮ್ಮ" ಎಂದ ರಾಯಪ್ಪ ಸ್ಪೀಕರಿನಲ್ಲಿ. "ಮರದ ತುದಿ ಒಂದೇ ಕಾಣೋದು. ಅದರ ಮೇಲೆ ಏನಾದ್ರೂ ಹೊಳೀತಾ ಇದ್ರೆ, ಅದೇ ನಮ್ಮನೆ ಅಂತ ನೋಡ್ಕೊಂಡು ಹೋಗ್ತೀನಿ."

ಅಷ್ಟೇ ಅವನು ಹೇಳಿದ್ದು. ನನ್ನ ಕೈಯಲ್ಲಿದ್ದ ಕಾಫಿ ಆರಿತು, ತಲೆ ಮಾತ್ರ ಕಾವೇರಿತು. ತುದಿಗೆ ಏನಾದರೂ ಇಡಬೇಕು. ಇಡಲೇಬೇಕು. ಅಷ್ಟು ದೊಡ್ಡ ಗಾಡಿ ಎಳೆದುಕೊಂಡು ಬರುವ ಅಪ್ಪ, ಕತ್ತಲಾಗುವ ಹೊತ್ತಿನಲ್ಲಿ ಶೆಡ್ಡಿನ ತಗಡಿನ ಮೇಲೆ ಕಣ್ಣಿಟ್ಟು ಬರುತ್ತಾನೆ, ಅಲ್ಲಿ ಏನೂ ಇಲ್ಲ ಎಂದರೆ ಹೇಗೆ? ಜೆಸಿಂತಾಗಿಂತ ನನಗೇ ಹೆಚ್ಚು ಆತುರವಾಯಿತು.

ಮಾರನೆಯ ದಿನವೇ ಬಸ್ ಇಳಿದವಳು ನೇರ ಪೇಟೆಗೆ ಹೋಗಿ, ಅಂಗಡಿಯಲ್ಲಿದ್ದುದರಲ್ಲಿ ಅತಿ ದೊಡ್ಡದಾದ ನಕ್ಷತ್ರ ತಂದೆ. ಕೆಂಡದಂಥ ಕೆಂಪು. ಒಳಗೆ ಬಲ್ಬು ಹಾಕಿದರೆ ಇಡೀ ಅಂಗಳ ಕೆಂಪಾಗುತ್ತಿತ್ತು. ನಾನೂ ಜೆಸಿಂತಾಳೂ ಅದನ್ನು ಹಿಡಿದುಕೊಂಡು ಕುಣಿಯುತ್ತಿದ್ದಾಗ ಫಿಲೋಮಿನಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಸ್ವಿಚ್ ಆರಿಸಿದರು.

"ಹಳಿ ಪಕ್ಕ ಕೆಂಪು ದೀಪ ಹಚ್ತಾರಾ ಟೀಚರ್? ಗಾಡಿ ನಿಲ್ಸಿ ಬಿಡ್ತಾನೆ ಅವನು. ಆಮೇಲೆ ಅವನ ಕೆಲ್ಸಾನೇ ನಿಲ್ಲುತ್ತೆ."

ಗಾರ್ಡಿನ ಹೆಂಡತಿ, ಡ್ರೈವರಿನ ತಾಯಿ. ಅವರಿಗೆ ಕೆಂಪು ಎಂದರೆ ಹಬ್ಬವಲ್ಲ. ಹಸಿರೂ ಬೇಡ, ಹಳದಿಯೂ ಬೇಡ, ಮೂರೂ ರೈಲಿನವರಿಗೆ ಮಾತಾಡುವ ಬಣ್ಣಗಳು ಎಂದರು. ಉಳಿದಿದ್ದು ಬಿಳಿ. ಅರಸೀಕೆರೆ ಪೇಟೆಯಲ್ಲಿ ಹುಡುಕಿ ಹುಡುಕಿ ಕಾಲು ನೋವು ಬಂದಿತೇ ಹೊರತು ಒಂದು ಬಿಳಿ ನಕ್ಷತ್ರ ಸಿಗಲಿಲ್ಲ. ಬಿಳಿ ಯಾರು ಕೊಳ್ಳುತ್ತಾರೆ ಮೇಡಂ ಎಂದು ಅಂಗಡಿಯವನು ನನ್ನನ್ನೇ ಕೇಳಿದ.

ಹಾಗಾಗಿ ನಾವೇ ಮಾಡಿದೆವು. ಬಿದಿರು ಸೀಳಿ ಐದು ಮೂಲೆಯ ಚೌಕಟ್ಟು ಕಟ್ಟಿಕೊಟ್ಟವರು ಫಿಲೋಮಿನಮ್ಮ. ಅವರ ಚಿಕ್ಕಂದಿನಲ್ಲಿ ಮನೆಯ ಒಳಗೆ ಮರ ಇಡುವ ಪದ್ಧತಿಯೇ ಇರಲಿಲ್ಲವಂತೆ. ಬಾಗಿಲಿಗೆ ಇಂಥದೊಂದು ಬಿದಿರಿನ ನಕ್ಷತ್ರ ಕಟ್ಟಿ ಒಳಗೆ ಹಣತೆ ಇಟ್ಟರೆ ಹಬ್ಬ ಬಂದ ಹಾಗೆ. ಚೌಕಟ್ಟಿಗೆ ಅಂಟಿಸಿದ್ದು ನನ್ನ ಕಾಗದ. ಮಕ್ಕಳು ಭೂಪಟ ತೆಗೆಯಲು ನಾನು ಕೊಂಡಿಟ್ಟಿದ್ದ ಟ್ರೇಸಿಂಗ್ ಪೇಪರು, ತೆಳ್ಳಗೆ, ಬೆಳಕು ಬಿಟ್ಟುಕೊಡುವಂಥದ್ದು. ಒಳಗೆ ಬಲ್ಬು ಹಚ್ಚಿದಾಗ ಅದು ಬೆಳದಿಂಗಳನ್ನು ಮಡಚಿಟ್ಟ ಹಾಗೆ ಕಂಡಿತು. ಆ ಹೊತ್ತಿನ ಖುಷಿಯನ್ನು ಏನೆಂದು ಹೇಳಲಿ, ನನಗೆ ಕುಣಿಯುವಂತಾಯಿತು, ಕುಣಿದೆ ಕೂಡ. ಧರ್ಮೇಶ್ ಓದುತ್ತಿದ್ದ ನ್ಯೂಸ್ ಪೇಪರಿನ ಹಿಂದಿನಿಂದ ಒಮ್ಮೆ ಇಣುಕಿ ಮತ್ತೆ ಒಳಗೆ ಹೋದ.

ಜೆಸಿಂತಾಗೆ ಒಂದೇ ಕೊರಗು. ಅವಳಿಗೆ ಬೇಕಾಗಿದ್ದು ನಕ್ಷತ್ರವಲ್ಲ, ಏಂಜಲ್. ಸ್ಕೂಲಿನ ಪುಸ್ತಕದಲ್ಲಿ ಮರದ ತುದಿಯಲ್ಲಿ ರೆಕ್ಕೆ ಬಿಚ್ಚಿಕೊಂಡ ಏಂಜಲ್ ಇದೆ. ತುದಿಯ ವಿಷಯ ಬಂದರೆ ನನ್ನನ್ನು ಹಿಡಿಯುವವರಿಲ್ಲ. ಕೂರಿಸಿಕೊಂಡು ಎಲ್ಲ ಹೇಳಿದೆ. ಮೂಡಣದಿಂದ ಬಂದ ಜ್ಞಾನಿಗಳಿಗೆ ಯೇಸು ಹುಟ್ಟಿದ ಜಾಗ ಗೊತ್ತಿರಲಿಲ್ಲ, ನಕ್ಷತ್ರವೊಂದು ಮುಂದೆ ಮುಂದೆ ಹೋಗಿ ದಾರಿ ತೋರಿಸಿತು, ಮರದ ತುದಿಯ ನಕ್ಷತ್ರ ಅದರ ನೆನಪು. ಅದೇ ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ ಸುದ್ದಿ ಹೇಳಿದ್ದು ದೇವದೂತ, ತುದಿಯ ಏಂಜಲ್ ಅವನ ನೆನಪು. ಒಂದು ದಾರಿ ಹೇಳುತ್ತದೆ, ಇನ್ನೊಂದು ಸುದ್ದಿ ಹೇಳುತ್ತದೆ. ಕೆಲವು ದೇಶಗಳಲ್ಲಿ ಎರಡೂ ಇಲ್ಲ, ಗಾಜಿನ ಉದ್ದನೆಯ ಮೊನೆ ಇಡುತ್ತಾರೆ, ನಮ್ಮ ಗುಡಿಗಳ ಕಳಸದ ಹಾಗೆ.

ಜರ್ಮನಿಯ ಗೊಂಬೆ ಮಾಡುವವನ ಕಥೆಯನ್ನೂ ಹೇಳಿದೆ. ನ್ಯೂರೆಂಬರ್ಗ್ ಎಂಬ ಊರಿನಲ್ಲಿ ಈಗಲೂ ಹೇಳುವ ಹಳೆಯ ಕಥೆ ಅದು. ಗೊಂಬೆ ಮಾಡುವವನ ಮಗಳು ಕಾಯಿಲೆಯಿಂದ ತೀರಿಹೋದಳು. ಅವಳು ಕನಸಿನಲ್ಲಿ ಬಂಗಾರದ ಬಟ್ಟೆ ಉಟ್ಟು ಬಂದಳು, ಅವನು ಎದ್ದು ಚಿನ್ನದ ಬಣ್ಣದ ತಗಡಿನಲ್ಲಿ ಅವಳನ್ನೇ ಗೊಂಬೆ ಮಾಡಿದ. ಮುಂದೆ ಆ ಗೊಂಬೆಯೇ ಎಲ್ಲರ ಮರಗಳ ತುದಿಗೆ ಏರಿತಂತೆ. ಜೆಸಿಂತಾ ಕೇಳಿಸಿಕೊಂಡು ಬಹಳ ಹೊತ್ತು ಅಂಟಿನ ಬೆರಳುಗಳನ್ನು ಉಜ್ಜುತ್ತಾ ಕೂತಳು. ಅವನಿಗೆ ಮಗಳು ಕಾಣಲಿ ಅಂತ ತುದಿಯಲ್ಲಿಟ್ಟ, ನನಗೆ ಅಪ್ಪನಿಗೆ ಕಾಣಲಿ ಅಂತ ಅಷ್ಟೇ, ಹಾಗಾದರೆ ನಕ್ಷತ್ರವೇ ಸಾಕು ಎಂದಳು. 

ನಕ್ಷತ್ರ ತಯಾರಾಯಿತು, ಈಗ ಯಜಮಾನಿಗೆ ಒಂದು ಮಾತು ಹೇಳಬೇಕಿತ್ತು. ಹೇಳುವುದೇನು ದೊಡ್ಡದು ಎಂದುಕೊಂಡು ಹೋದೆ. ಅಜ್ಜಿ ಜಗಲಿಯಲ್ಲಿ ಕೊಬ್ಬರಿ ಗಿಟಕುಗಳನ್ನು ಅಲುಗಾಡಿಸಿ ಕಿವಿಗೆ ಹಿಡಿದು ನೋಡುತ್ತಿದ್ದರು. ಮರದ ತುದಿಗೆ ಒಂದು ನಕ್ಷತ್ರ ಕಟ್ಟುತ್ತೇವೆ ಎಂದೆ. ಅವರು ಗಿಟಕು ಕೆಳಗಿಟ್ಟರು.

"ಸುಳಿ ಮೇಲಾ?"

ತೆಂಗಿನವರ ಮುಂದೆ ಸುಳಿಯ ಮಾತೆತ್ತುವುದು ಎಂಥದು ಎಂದು ನಾನು ಆಗ ಯೋಚಿಸಲಿಲ್ಲ. ತೆಂಗಿನ ಮರದ ನಡುನೆತ್ತಿಯಿಂದ ಮೊನೆಯಾಗಿ ಏಳುವ ಎಳೆ ಗರಿಯೇ ಸುಳಿ. ಕಾಂಡಕ್ಕೆ ಗಾಯವಾದರೆ ಮರ ತಡೆದುಕೊಳ್ಳುತ್ತದೆ, ಗರಿ ಹೋದರೆ ಮತ್ತೆ ಬರುತ್ತದೆ, ಸುಳಿ ಕೆಟ್ಟರೆ ಅಲ್ಲಿಗೆ ಮುಗಿಯಿತು. ಸುಳಿ ತಿನ್ನುವ ದುಂಬಿಯನ್ನು ಹುಡುಕಿ ಕೊಲ್ಲುವುದರಲ್ಲೇ ಅಜ್ಜಿಯ ಅರ್ಧ ಆಯಸ್ಸು ಹೋಗಿದೆ. ಅವರಿಗೆ ಎಲ್ಲ ಮರವೂ ತೆಂಗೇ.

"ಮರದ ಸುಳಿ ಮೇಲೆ ಭಾರ ಇಡೋದಂದ್ರೆ ಹಸುಗೂಸಿನ ನೆತ್ತಿ ಮೇಲೆ ಚೊಂಬು ಇಟ್ಟಂಗೆ ಕಣವ್ವ. ನನ್ನ ಅಂಗಳದಾಗೆ ಅದು ಆಗಾಕಿಲ್ಲ."

ನಾನು ಬಿಡುತ್ತೇನೆಯೇ? ಇದು ತೆಂಗಲ್ಲ ಅಜ್ಜಿ ಎಂದೆ. ಪ್ರಪಂಚವೆಲ್ಲ ತುದಿಗೆ ಇಡುತ್ತದೆ ಎಂದೆ. ಜ್ಞಾನಿಗಳು, ಕುರುಬರು, ಗಾಜಿನ ಮೊನೆ, ಜರ್ಮನಿ, ಇಂಗ್ಲೆಂಡಿನ ರಾಣಿಯ ಅರಮನೆಯ ಮರ, ಒಂದನ್ನೂ ಬಿಡಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಇಷ್ಟು ಹೊತ್ತಿಗೆ ತೂಕಡಿಸುತ್ತಿದ್ದವು. ಅಜ್ಜಿ ತೂಕಡಿಸಲಿಲ್ಲ, ಪೂರ್ತಿ ಕೇಳಿದರು, ಆಮೇಲೆ ನನ್ನ ನೌಕರಿಯ ಊರಿನಿಂದಲೇ ನನಗೆ ಉತ್ತರ ಕೊಟ್ಟರು.

"ಹಳೇಬೀಡಿನ ಗುಡೀಗೆ ತುದೀನೇ ಇಲ್ಲ. ಆದ್ರೂ ಲೋಕವೆಲ್ಲ ನೋಡಕ್ಕೆ ಬತ್ತೈತೆ. ನಿಮ್ಮ ಮರಕ್ಕೆ ಮಾತ್ರ ಯಾಕವ್ವ ತುದಿ, ಮೇಷ್ಟ್ರಮ್ಮ?"

 ಉತ್ತರ ಹೊಳೆಯದಿದ್ದಾಗ ಬರುವ ಕೋಪ ನನಗೆ ಬಂತು. ಮನೆ ನಿಮ್ಮದಾದರೆ ಆಕಾಶವೂ ನಿಮ್ಮದಾಯಿತಾ ಎಂದೇನೋ ಒದರಿ, ಧಡಧಡ ಮನೆಗೆ ಬಂದು, ಬಾಗಿಲಿಗೆ ಅಗುಳಿ ಹಾಕಿದೆ. ಶೆಡ್ಡಿನ ಮೇಲೆ ಕಟ್ಟಿಕೊಳ್ಳಿ ಎಂದು ಅಜ್ಜಿ ಆಮೇಲೆ ಹೇಳಿಕಳಿಸಿದರು. ಜೆಸಿಂತಾ ಒಪ್ಪಲಿಲ್ಲ. ಶೆಡ್ಡಿನ ಮೇಲಿದ್ದರೆ ಅದು ಶೆಡ್ಡಿನ ನಕ್ಷತ್ರ, ಅಪ್ಪ ನೋಡುವುದು ಮರವನ್ನು. ಅವಳ ಮಾತು ನನಗೆ ನೂರಕ್ಕೆ ನೂರು ಸರಿ ಅನ್ನಿಸಿತು.

ಇಪ್ಪತ್ನಾಲ್ಕು ಬಂತು. ಸ್ಕೂಲಿಗೆ ರಜೆ ಹಾಕಿದ್ದೆ. ಮಧ್ಯಾಹ್ನ ರಾಯಪ್ಪ ಫೋನ್ ಮಾಡಿ, ಗಾಡಿ ಹತ್ತುತ್ತಿದ್ದೇನೆ, ಇನ್ನು ಫೋನ್ ಆರಿಸುತ್ತೇನೆ, ಸಿಗ್ನಲ್ ಸಿಕ್ಕಿದರೆ ಸೂರ್ಯ ಮುಳುಗಿದ ಮೇಲೆ ಬರುತ್ತೇನೆ ಎಂದ. ಅವನಿಗೆ ಇಲ್ಲಿನ ಜಗಳದ ಸುದ್ದಿ ಯಾರೂ ಹೇಳಲಿಲ್ಲ. ಜೆಸಿಂತಾ ಮಾತ್ರ, ನೋಡಪ್ಪಾ, ಮರೀಬೇಡ ಎಂದಳು. ಆ ಮಗುವಿನ ಮುಖ ನೋಡಿದ ಮೇಲೆ ನಾನು ನಿರ್ಧಾರ ಮಾಡಿದೆ. ಅಜ್ಜಿ ಊಟವಾದ ಮೇಲೆ ಮಠಕ್ಕೆ ಹೊರಟಿದ್ದರು. ಅವರು ವಾಪಸು ಬರುವುದರೊಳಗೆ ನಕ್ಷತ್ರ ತುದಿಯಲ್ಲಿರಬೇಕು. ಇಟ್ಟ ಮೇಲೆ ಬೈದರೆ ಬೈಯಲಿ.

ತೋಟದಲ್ಲಿ ಕಾಯಿ ಕೀಳುವ ಹನುಮಯ್ಯ ನಮ್ಮ ತವರಿನ ಹುಲಿಕೆರೆ ಕಡೆಯವರು, ನನಗೆ ಮಾವನ ವರಸೆ. ಅವರನ್ನು ಕರೆದು, ಟೀ ಕೊಟ್ಟು, ಮೆಲ್ಲಗೆ ವಿಷಯ ಹೇಳಿದೆ. ಅವರು ಮರವನ್ನು ನೋಡಿದರು, ನಕ್ಷತ್ರವನ್ನು ನೋಡಿದರು, ಚೆನ್ನಾಗಿದೆ ಎಂದರು. ಏಣಿ ಹಾಕಿಕೊಡುತ್ತೇನೆ, ವೈರು ಎಳೆದುಕೊಡುತ್ತೇನೆ, ಸುಳಿಗೆ ಮಾತ್ರ ಕೈ ಹಾಕುವುದಿಲ್ಲ ಎಂದರು. ನನ್ನ ಕಡೆಯವರೂ ಹೀಗೆ ಕೈ ಕೊಟ್ಟರಲ್ಲ ಎಂದು ನನಗೆ ರೇಗಿತು. ತಾರಸಿಯ ಮೇಲೆ ಮೆಟ್ಟಿಲು ಮನೆಯ ಗೋಡೆಗೆ, ಮರದ ಪಕ್ಕದಲ್ಲೇ, ಏಣಿ ಒರಗಿಸಿಕೊಂಡೆ. ಸೆರಗು ಸಿಕ್ಕಿಸಿ, ನಕ್ಷತ್ರವನ್ನು ಬಗಲಲ್ಲಿ ಹಿಡಿದು, ಒಂದು ಕಾಲು ಎತ್ತಿದ್ದೇನೋ ಇಲ್ಲವೋ, ಕೆಳಗೆ ಆಟೋ ನಿಂತ ಸದ್ದಾಯಿತು. ಮಠದಲ್ಲಿ ಸ್ವಾಮಿಗಳು ಇರಲಿಲ್ಲವಂತೆ.

ಅಜ್ಜಿ ತಾರಸಿಗೆ ಏರಿ ಬಂದಾಗ ಏದುಸಿರು ಬಿಡುತ್ತಿದ್ದರು. ನನ್ನನ್ನು ನೋಡಿದರು, ಏಣಿ ನೋಡಿದರು, ಹನುಮಯ್ಯನನ್ನು ನೋಡಿದರು. ಹನುಮಯ್ಯ ತೋಟದ ಕಡೆಗೆ ಮುಖ ತಿರುಗಿಸಿಕೊಂಡರು. ಬೈಗುಳ ಸುರಿಯುತ್ತದೆ ಎಂದು ನಾನೂ ಸೊಂಟ ಕಟ್ಟಿ ನಿಂತೆ. ಹೇಳಬೇಕಾದ ಮಾತುಗಳೆಲ್ಲ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಜೆಸಿಂತಾ ನನ್ನನ್ನು ದಾಟಿ ಹೋಗಿ ಅಜ್ಜಿಯ ಸೆರಗು ಹಿಡಿದಳು.

"ಅಜ್ಜಿ, ನಮ್ಮಪ್ಪ ಇವತ್ತು ಗಾಡಿ ಓಡಿಸ್ಕೊಂಡು ಇಲ್ಲೇ ಹೋಗ್ತಾರೆ. ನಿಲ್ಸಂಗಿಲ್ಲ. ಇದು ತುದೀಲಿದ್ರೆ ಮಾತ್ರ ಅವರಿಗೆ ನಮ್ಮನೆ ಕಾಣುತ್ತೆ."

ಅಜ್ಜಿ ನನ್ನ ಕಡೆ ತಿರುಗಿದರು. "ಇದನ್ನ ಯಾಕವ್ವ ನೀನು ಮೊದ್ಲೇ ಹೇಳ್ನಿಲ್ಲ?"

ಹೌದಲ್ಲ. ಜರ್ಮನಿ ಹೇಳಿದ್ದೆ, ರಾಣಿ ಹೇಳಿದ್ದೆ. ಮಗುವಿನ ಅಪ್ಪ ಎಂಬ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ. ಫಿಲೋಮಿನಮ್ಮನಾದರೋ, ಬಾಡಿಗೆಗಿರುವವರು ಯಜಮಾನಿಗೆ ತಮ್ಮ ಮನೆಯ ಕಷ್ಟ ಹೇಳಿ ತಲೆ ತಿನ್ನಬಾರದು ಎಂದು ಸುಮ್ಮನಿದ್ದರು. ನನಗೆ ನಾಚಿಕೆಯಾಯಿತು, ಏಣಿಯಿಂದ ಕಾಲು ಇಳಿಸಿದೆ.

ಅಜ್ಜಿ ಕಟ್ಟೆಯ ಮೇಲೆ ಕೂತು ನಕ್ಷತ್ರವನ್ನು ತೊಡೆಯ ಮೇಲೆ ಇರಿಸಿಕೊಂಡರು. ಕೊಬ್ಬರಿ ನೋಡುವಂತೆಯೇ ಅತ್ತ ಇತ್ತ ತಿರುಗಿಸಿ ನೋಡಿದರು. ಅಷ್ಟರಲ್ಲಿ ಫಿಲೋಮಿನಮ್ಮನೂ ಕೈಯಲ್ಲಿ ಮೈದಾ ಹಿಟ್ಟು ಮೆತ್ತಿಕೊಂಡೇ ಮೇಲೆ ಬಂದರು.

"ಫಿಲೋಮಿನಾ, ನಿಮ್ಮ ಕಥೆಯಾಗೆ ಆ ನಕ್ಷತ್ರ ಮಗು ಇದ್ದ ಮನೆ ಸೂರಿಗೆ ತಾಗಿತ್ತಾ?"

ಫಿಲೋಮಿನಮ್ಮ ಯೋಚಿಸಿದರು. "ಇಲ್ಲಜ್ಜಿ. ಆಕಾಶದಲ್ಲೇ ಬಂದು, ಮನೆ ನೇರಕ್ಕೆ ನಿಂತ್ಕೊಂಡ್ತು. ಅಷ್ಟೇ."

"ತಾಗದೇನೇ ದಾರಿ ತೋರಿಸ್ತಲ್ಲ. ಇದೂ ಹಂಗೇ ನಿಂತ್ಕೊಳ್ಳಲಿ ಬಿಡು. ಲೇ ಹನುಮ, ದೋಟಿ ತಾ."

ದೋಟಿ ಎಂದರೆ ಕಾಯಿ ಕೀಳುವ ಉದ್ದನೆಯ ಗಳ. ನನಗೆ ಅರ್ಥವಾಗುವಷ್ಟರಲ್ಲಿ ಹನುಮಯ್ಯ ಮಾವ ಅರ್ಧ ಮೆಟ್ಟಿಲು ಇಳಿದಾಗಿತ್ತು. ನನಗೆ ರೋಮಾಂಚನವಾಯಿತು, ಜೊತೆಗೆ ಇದು ನನಗೇ ಯಾಕೆ ಹೊಳೆಯಲಿಲ್ಲ ಎಂದು ಸಿಟ್ಟೂ ಬಂತು. ನಕ್ಷತ್ರ ಮರದ ಮೇಲೆ ಕೂರಬೇಕಾಗಿಲ್ಲ. ಮರದ ನೇರಕ್ಕೆ, ಮರಕ್ಕಿಂತ ಮೇಲೆ, ಆಕಾಶದಲ್ಲಿ ನಿಂತರೆ ಸಾಕು. ಹಾಗೆ ನಿಲ್ಲುವುದೇ ಅದರ ಮೊದಲ ಕೆಲಸವಾಗಿತ್ತು.

ಆಮೇಲೆ ನಡೆದದ್ದೆಲ್ಲ ಓಡುವ ಕೆಲಸ. ಬಿಸಿಲು ಆಗಲೇ ಇಳಿಯುತ್ತಿತ್ತು. ದೋಟಿಯ ಕುಡುಗೋಲು ಬಿಚ್ಚಿ ತುದಿಗೆ ನಕ್ಷತ್ರ ಕಟ್ಟಿದೆವು. ಕಾಂಡಕ್ಕೆ ಉಜ್ಜದಂತೆ ಅಜ್ಜಿ ತಮ್ಮ ಹಳೆಯ ಸೀರೆ ಹರಿದು ಕೊಟ್ಟರು. ಅದನ್ನು ಸುತ್ತಿ, ಅದರ ಮೇಲೆ ತೆಂಗಿನ ಹುರಿಯಿಂದ ಹನುಮಯ್ಯ ಮಾವ ಗಳವನ್ನು ಕಾಂಡಕ್ಕೆ ಬಿಗಿದರು. ಕೊಂಬೆಗೂ ನೋವಾಗಬಾರದು, ಏಣಿಯ ಭಾರವೂ ಮರದ ಮೇಲೆ ಬೀಳಬಾರದು ಎಂದು ಅಜ್ಜಿ ಕೆಳಗಿನಿಂದ ಒಂದೇ ಸಮನೆ ಕೂಗಿ ಹೇಳುತ್ತಿದ್ದರು. ವೈರು ಸಾಲದೆ ಬಂತು. ಧರ್ಮೇಶ್ ಮೊದಲ ಸಲ ಪೇಪರು ಕೆಳಗಿಟ್ಟು, ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಗೆ ಹಾಕುವ ಉದ್ದದ ವೈರು ತಂದು ಸೇರಿಸಿದ. ದೂರದಲ್ಲಿ ಒಂದು ಹಾರನ್ ಕೇಳಿಸಿ ಎಲ್ಲರೂ ಹಳಿಯ ಕಡೆ ತಿರುಗಿದೆವು. ಅದು ಸ್ಟೇಷನ್ ಕಡೆಯಿಂದ ಬಂದ ಪ್ಯಾಸೆಂಜರ್.

ಸ್ವಿಚ್ ಹಾಕಿದಾಗ ಸೂರ್ಯ ಮುಳುಗಿ ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಮರದ ಸುಳಿಗಿಂತ ಒಂದು ಮೊಳ ಮೇಲೆ, ಏನನ್ನೂ ಮುಟ್ಟದೆ, ನಮ್ಮ ಬಿಳಿ ನಕ್ಷತ್ರ ಹೊತ್ತಿಕೊಂಡಿತು. ದೋಟಿ ಮಬ್ಬಿನಲ್ಲಿ ಕಾಣಿಸುತ್ತಲೇ ಇರಲಿಲ್ಲ. ಬೀದಿಯವರು ಬಂದು ನಿಂತರು. ಫಿಲೋಮಿನಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಅಜ್ಜಿ ಕೈ ಮುಗಿದರು, ನಕ್ಷತ್ರಕ್ಕೋ ಮರಕ್ಕೋ ಗೊತ್ತಾಗಲಿಲ್ಲ. ಹನುಮಯ್ಯ ಮಾವ ಬೀಡಿ ಹಚ್ಚಲು ಆಚೆ ಹೋದರು. ನಾನು ತಾರಸಿಯ ಮೇಲೆಯೇ ಉಳಿದು, ನನ್ನದೇ ನಕ್ಷತ್ರ ಎಂಬಂತೆ ಬೀಗುತ್ತಾ ನಿಂತಿದ್ದೆ.

ಜೆಸಿಂತಾ ಮಾತ್ರ ಅಂಗಳದಲ್ಲಿರಲಿಲ್ಲ. ಅಪ್ಪನಿಗೆ ಹೇಗೆ ಕಾಣುತ್ತದೆ ಎಂದು ನೋಡಲು ಶೆಡ್ಡಿನ ಹಿಂದಕ್ಕೆ, ಹಳಿಯ ಬೇಲಿಯಲ್ಲಿ ಬಾಣಾವರದ ಕಡೆಯ ಮೂಲೆಯ ತನಕ ಓಡಿದ್ದಳು. ಅಲ್ಲಿಂದ ಅವಳ ಕೂಗು ಬಂತು.

"ಆಂಟಿ, ನಕ್ಷತ್ರ ಇಲ್ಲ. ಬರೀ ಒಂದು ಗೆರೆ ಕಾಣ್ತಾ ಇದೆ."

 ನಕ್ಷತ್ರ ಚಪ್ಪಟೆ. ಅದರ ಮುಖವನ್ನು ನಾವು ಅಂಗಳಕ್ಕೆ ತಿರುಗಿಸಿ ಕಟ್ಟಿದ್ದೆವು, ನಮಗೆಲ್ಲ ಚೆಂದ ಕಾಣಲಿ ಎಂದು. ಬಾಣಾವರದ ಕಡೆಯಿಂದ ಬರುವವನಿಗೆ ಅದರ ಅಂಚು ಮಾತ್ರ ಕಾಣುತ್ತದೆ, ಟ್ಯೂಬ್‌ಲೈಟಿನ ಹಾಗೆ. ಅದೇ ಹೊತ್ತಿಗೆ ದೂರದ ಗೇಟಿನ ಹತ್ತಿರ ಹಾರನ್ ಕೂಗಿತು. ಉದ್ದನೆಯ, ಭಾರದ ಕೂಗು. ಗೂಡ್ಸ್. ಫಿಲೋಮಿನಮ್ಮ ಕೆಳಗಿನಿಂದ ಅವನೇ ಎಂದರು, ತಾಯಿಗೆ ಹೇಗೆ ಗೊತ್ತಾಯಿತೋ.

ಹನುಮಯ್ಯ ಮಾವನನ್ನು ಕರೆಯಲು ಹೊತ್ತಿರಲಿಲ್ಲ. ಏಣಿ ಅಲ್ಲೇ ಇತ್ತು. ಹತ್ತಿದೆ. ಹೇಗೆ ಹತ್ತಿದೆನೋ ಈಗಲೂ ನೆನಪಿಲ್ಲ, ಒಂದು ಚಪ್ಪಲಿ ಬಿದ್ದದ್ದು ನೆನಪಿದೆ. ಮೇಲಿನ ಮೆಟ್ಟಿಲಿನಲ್ಲಿ ನಿಂತು, ಸುತ್ತಲೂ ಕೊಂಬೆಗಳು ಚುಚ್ಚುತ್ತಿರಲು, ಎರಡೂ ಕೈ ಎತ್ತಿ ದೋಟಿ ಹಿಡಿದು ತಿರುಗಿಸಿದೆ. ಹುರಿಯ ಬಿಗಿತಕ್ಕೆ ಗಳ ಅಲುಗಲಿಲ್ಲ. ಕೆಳಗೆ ಅಜ್ಜಿಯ ದನಿ ಕೇಳಿಸಿತು, ಸುಳಿ ಜೋಪಾನ ಕಣವ್ವ ಎಂದು.

ಆಗ ಸುಳಿಯನ್ನು ನೋಡಿದೆ. ಇಷ್ಟು ವರ್ಷ ಎಲ್ಲದರ ತುದಿಯನ್ನೂ ಕೆಳಗಿನಿಂದ ನೋಡಿದವಳು ನಾನು, ಮೊದಲ ಸಲ ಒಂದು ತುದಿಯ ಮಟ್ಟಕ್ಕೆ ಮುಖವಿಟ್ಟಿದ್ದೆ. ಎಳೆ ಹಸಿರು, ಆಗ ತಾನೇ ಹುಟ್ಟಿದ ಕೂಸಿನ ಮುಷ್ಟಿಯಷ್ಟು, ಮೇಲಿನ ಬೆಳಕಿಗೆ ಒಳಗೆಲ್ಲ ಕಾಣುವಷ್ಟು ತೆಳು. ನನ್ನ ಮೊಣಕೈ ಸ್ವಲ್ಪ ಜಾರಿದ್ದರೆ ಮುರಿದೇ ಹೋಗುತ್ತಿತ್ತು. ಈ ಮುದುಕಿ ಇದಕ್ಕೆ ಇಷ್ಟು ಜಗಳ ಆಡಿದ್ದು ಯಾಕೆಂದು ಅಲ್ಲಿ ನನಗೆ ಗೊತ್ತಾಯಿತು. ಮೈಯನ್ನು ಹಿಂದಕ್ಕೆ ಬಾಗಿಸಿ, ಮೊಣಕೈ ಆದಷ್ಟು ದೂರ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದೆ. ಗಳ ಕಿರ್ ಎಂದು ತಿರುಗಿತು. ಕೈ ಬಿಟ್ಟರೆ ಮತ್ತೆ ಮೊದಲಿನಂತೆಯೇ ತಿರುಗುತ್ತಿತ್ತು, ಹಾಗಾಗಿ ಬಿಡಲಿಲ್ಲ. ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೇಲಿಯ ಕಡೆಯಿಂದ ಜೆಸಿಂತಾ ಕಂಡಿತು, ಕಂಡಿತು ಎಂದು ಕೂಗುತ್ತಿದ್ದಳು.

ಗಾಡಿ ಬಂತು. ಮೊದಲು ಮನೆ ನಡುಗಿತು, ಆಮೇಲೆ ಏಣಿ, ಆಮೇಲೆ ನಾನು. ಎಂಜಿನ್ನಿನ ದೀಪ ಶೆಡ್ಡಿನ ತಗಡಿನ ಮೇಲೆ ಉಜ್ಜಿಕೊಂಡು ಹೋಯಿತು. ಒಂದು ಗಳಿಗೆ ಏನೂ ಆಗಲಿಲ್ಲ, ಗಾಲಿಗಳ ಸದ್ದು ಬಿಟ್ಟು.  ಆಮೇಲೆ ಹಾರನ್ ಕೂಗಿತು. ಒಂದು ಉದ್ದ, ಮತ್ತೊಂದು ಗಿಡ್ಡ, ಮತ್ತೆ ಉದ್ದ. ನಮ್ಮ ಮನೆಯ ಹಿಂದೆ ಗೇಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಯಾವ ನಿಯಮದಲ್ಲಿ ಕೂಗಿದನೋ ಅವನಿಗೇ ಗೊತ್ತು. ನಾನು ಏಣಿಯ ಮೇಲೆಯೇ ಅತ್ತುಬಿಟ್ಟೆ, ನಗುತ್ತಲೇ ಅತ್ತೆ.

ಬೆಳಗ್ಗೆ ಚರ್ಚಿನಿಂದ ಬಂದ ಫಿಲೋಮಿನಮ್ಮ ಕೇಕು ಹಂಚುತ್ತಿದ್ದಾಗ ತುಮಕೂರಿನಿಂದ ರಾಯಪ್ಪನ ಫೋನ್ ಬಂತು. ಹಾಸನದಿಂದ ಮೊದಲ ಬಸ್ಸಿಗೆ ಬಂದಿದ್ದ ಜೆಸಿಂತಾಳ ತಾಯಿಯೂ ಅಂಗಳದಲ್ಲಿದ್ದಳು. ಜೆಸಿಂತಾ ಸ್ಪೀಕರ್ ಹಾಕಿದಳು. ನಕ್ಷತ್ರ ಕಂಡಿತಾ ಅಪ್ಪಾ ಎಂದು ಕೇಳಿದಳು. ಶೆಡ್ಡು ದಾಟುವ ತನಕ ಕಂಡಿತು ಎಂದ ಅವನು. ಆಮೇಲೆ ಅವನೇ ಕೇಳಿದ.

"ಅಲ್ಲ, ನಕ್ಷತ್ರದ ಕೆಳಗೆ ಒಂದು ಏಂಜಲ್ ಇಟ್ಟಿದ್ರಲ್ಲ. ಅಷ್ಟು ದೊಡ್ಡದು ಎಲ್ಲಿ ಸಿಕ್ತು? ಎರಡೂ ಕೈ ಮೇಲೆ ಎತ್ಕೊಂಡು, ರೆಕ್ಕೆ ಬೇರೆ ಬಡೀತಿತ್ತು."

 ಎಲ್ಲರೂ ನನ್ನನ್ನು ನೋಡಿದರು. ಧರ್ಮೇಶನ ಮುಖದ ಮುಂದಿದ್ದ ಪೇಪರು ಅಲುಗತೊಡಗಿತು. ಜೆಸಿಂತಾಳ ಕಣ್ಣು ಮಾತ್ರ ಅರಳಿ ಅರಳಿ ದೊಡ್ಡದಾಯಿತು, ಕೇಳಿದ ಆಟಿಕೆ ಮನೆಯಲ್ಲೇ ಇತ್ತು ಎಂದು ಗೊತ್ತಾದ ಮಗುವಿನ ಹಾಗೆ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಮರದ ಸುಳಿಯನ್ನು ನೋಡಿದೆ. ಅದು ನೆಟ್ಟಗೆ ನಿಂತಿತ್ತು.

ಅಜ್ಜಿ ಬಾಯಲ್ಲಿದ್ದ ಕೇಕನ್ನು ನಿಧಾನವಾಗಿ ನುಂಗಿ, ಫೋನಿನ ಹತ್ತಿರ ಬಂದರು.

"ಅಂಗಡೀದಲ್ಲ ಕಣಪ್ಪ ಅದು, ನಮ್ಮ ಬಾಡಿಗೆ ಮನೇದು. ಬಾಯಿ ಸ್ವಲ್ಪ ಜೋರು. ಆದ್ರೆ ಅಷ್ಟು ಹೊತ್ತು ನಿಂತಿದ್ರೂ ಸುಳಿ ಮುಟ್ಟಲಿಲ್ಲ."